ಬಿಟ್ಟ ಹಾಲು ಬಾಣಂತಿಯ ತಟ್ಟೆಗೆ ಮರಳುವುದು ಹೇಗೆ?

ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹೈನು ಇಲ್ಲದ ಊಟವನ್ನು ಊಹಿಸಿಕೊಳ್ಳುವುದೇ ಕಷ್ಟ. ಬೆಳಗಿನ ತೆಳ್ಳೇವಿಗೆ ತುಪ್ಪ, ಚಹಾದ ಬದಲಿಗೆ ಹಾಲು ಬೆರೆಸಿದ ಕಷಾಯ, ಮಧ್ಯಾಹ್ನಕ್ಕೆ ತಂಬುಳಿ ಇಲ್ಲವೇ ಹಶಿ, ಊಟದ ಕೊನೆಗೆ ಮಜ್ಜಿಗೆ ಅನ್ನ. ಯಲ್ಲಾಪುರದ ಕಾಡಂಚಿನ ಗೌಳಿಗರಿಗೆ ಎಮ್ಮೆಯ ಹಾಲೇ ಬದುಕು. ಬಾಣಂತಿಯ ಆರೈಕೆಯಲ್ಲಂತೂ ಹಾಲು-ತುಪ್ಪಕ್ಕೆ ಮೊದಲ ಮಣೆ.

ಇಂಥ ಮನೆಯಲ್ಲಿ ಶಿಶುವಿಗೆ ಹಾಲು ಒಗ್ಗುತ್ತಿಲ್ಲ, ತಾಯಿ ಹಾಲಿನ ಪದಾರ್ಥ ಬಿಡಬೇಕು ಎಂಬ ಸಲಹೆ ಬಂದರೆ ಅಡುಗೆಮನೆಯ ಕ್ರಮವೇ ಬದಲಾಗುತ್ತದೆ. ಮಗುವಿನ ಮೇಲಿನ ಕಾಳಜಿಯಿಂದ ತಾಯಿ ಮರುಮಾತಿಲ್ಲದೆ ಹಾಲು ಬಿಡುತ್ತಾಳೆ. ಆದರೆ ಅದನ್ನು ಯಾವಾಗ, ಹೇಗೆ ಮರಳಿ ಆರಂಭಿಸಬೇಕೆಂಬುದು ಬಹಳ ಸಲ ಚರ್ಚೆಗೇ ಬರುವುದಿಲ್ಲ. ನಾಲ್ಕು ವಾರಕ್ಕೆಂದು ಬಿಟ್ಟದ್ದು ವರ್ಷಗಟ್ಟಲೆ ಮುಂದುವರಿಯುವುದುಂಟು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ಅರ್ಧ ಚಿಕಿತ್ಸೆ ಮಾತ್ರ. ತಾಯಿ ಹಾಲು ಬಿಟ್ಟಾಗ ಮಗು ಸುಧಾರಿಸಿದರೆ ಸಂಶಯ ಬಲಗೊಳ್ಳುತ್ತದೆ. ಮರಳಿ ಸೇವಿಸಿದಾಗ ಲಕ್ಷಣ ಮರುಕಳಿಸಿದರೆ ಮಾತ್ರ ಅದು ಖಚಿತವಾಗುತ್ತದೆ.

ಒಗ್ಗದಿರುವುದು ಯಾವುದು?

ಶಿಶುವಿಗೆ ತೊಂದರೆ ಕೊಡುವುದು ಆಕಳ ಹಾಲಿನಲ್ಲಿರುವ ಪ್ರೋಟೀನ್. ಕೇಸೀನ್ ಮತ್ತು ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಇವುಗಳಲ್ಲಿ ಮುಖ್ಯವಾದವು. ತಾಯಿ ಸೇವಿಸಿದ ಹಾಲಿನ ಪ್ರೋಟೀನಿನ ಅತ್ಯಲ್ಪ ಅಂಶ ಕೆಲವು ಗಂಟೆಗಳಲ್ಲಿ ಎದೆಹಾಲಿಗೆ ಸೇರಬಲ್ಲದು. ಬಹುತೇಕ ಮಕ್ಕಳಿಗೆ ಇದರಿಂದ ಏನೂ ಆಗುವುದಿಲ್ಲ. ಕೆಲವರ ರೋಗನಿರೋಧಕ ವ್ಯವಸ್ಥೆ ಮಾತ್ರ ಅದನ್ನು ಪರಕೀಯವೆಂದು ಬಗೆದು ಪ್ರತಿಕ್ರಿಯಿಸುತ್ತದೆ.

ಇದನ್ನು ಲ್ಯಾಕ್ಟೋಸ್ ಸಮಸ್ಯೆಯೊಂದಿಗೆ ಬೆರೆಸಬಾರದು. ಲ್ಯಾಕ್ಟೋಸ್ ಎಂಬುದು ಹಾಲಿನ ಸಕ್ಕರೆ. ಅದು ತಾಯಿಯ ಎದೆಯಲ್ಲೇ ತಯಾರಾಗುವುದರಿಂದ ಆಕೆ ಹಾಲು ಕುಡಿದರೂ ಬಿಟ್ಟರೂ ಎದೆಹಾಲಿನಲ್ಲಿ ಅದರ ಪ್ರಮಾಣ ಬದಲಾಗುವುದಿಲ್ಲ. ಆದ್ದರಿಂದ ಲ್ಯಾಕ್ಟೋಸ್ ಇಲ್ಲದ ಹಾಲನ್ನು ತಾಯಿಗೆ ಕೊಡುವುದರಿಂದ ಪ್ರೋಟೀನ್ ಅಲರ್ಜಿಗೆ ಪ್ರಯೋಜನವಿಲ್ಲ.

ಈ ಅಲರ್ಜಿ ಜನ ಭಾವಿಸುವಷ್ಟು ವ್ಯಾಪಕವೂ ಅಲ್ಲ. ಯುರೋಪಿನ 9 ದೇಶಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಲನ್ನು ಕೊಟ್ಟು ಪರೀಕ್ಷಿಸಿ ಖಚಿತಪಡಿಸಿದ ಪ್ರಕರಣಗಳು ಶೇ. 0.54 ಮಾತ್ರ. ಅಳುವ ಮಗುವೆಲ್ಲ ಅಲರ್ಜಿಯ ಮಗುವಲ್ಲ.

ಯಾವ ಲಕ್ಷಣಕ್ಕೆ ಹಾಲು ಬಿಡಬೇಕು?

ಆರನೆಯ ವಾರದ ಆಸುಪಾಸಿನಲ್ಲಿ ಸಂಜೆಯ ಅಳು ಹೆಚ್ಚುವುದು, ಹಾಲು ಕುಡಿದ ಬಳಿಕ ಸ್ವಲ್ಪ ಕಕ್ಕುವುದು, ಒಮ್ಮೊಮ್ಮೆ ಮಲ ಹಸಿರಾಗುವುದು ಆರೋಗ್ಯವಂತ ಶಿಶುಗಳಲ್ಲೂ ಸಾಮಾನ್ಯ. ತೂಕ ಸರಿಯಾಗಿ ಏರುತ್ತಿದ್ದು ಬೇರೆ ಲಕ್ಷಣಗಳಿಲ್ಲದಿದ್ದರೆ ಕೇವಲ ಇಷ್ಟಕ್ಕೆ ತಾಯಿ ಪಥ್ಯ ಹಿಡಿಯಬೇಕಾಗಿಲ್ಲ.

ಮಲದಲ್ಲಿ ಲೋಳೆಯೊಂದಿಗೆ ರಕ್ತದ ಎಳೆ, ಬಿಡದ ವಾಂತಿ ಅಥವಾ ಭೇದಿ, ಮುಲಾಮಿಗೆ ಬಗ್ಗದ ಇಸುಬು, ಏರದ ತೂಕ — ಇವು ಒಂದಕ್ಕೊಂದು ಸೇರಿ ಅಥವಾ ಪದೇ ಪದೇ ಕಾಣಿಸಿಕೊಂಡಾಗ ಹಾಲಿನ ಮೇಲೆ ಸಂಶಯ ಮೂಡುತ್ತದೆ. ಆದರೂ ಮಲದಲ್ಲಿ ರಕ್ತ ಕಂಡರೆ ಮೊದಲು ವೈದ್ಯರಿಗೆ ತೋರಿಸಬೇಕು. ಗುದದ್ವಾರದ ಸೀಳು, ಕರುಳಿನ ಸೋಂಕು, ವಿಟಮಿನ್ ಕೆ ಕೊರತೆ, ಕರುಳಿನೊಳಗೆ ಕರುಳು ಸೇರಿಕೊಳ್ಳುವುದು ಮುಂತಾದ ಬೇರೆ ಕಾರಣಗಳೂ ಇರಬಹುದು. ಇವುಗಳಲ್ಲಿ ಕೆಲವಕ್ಕೆ ಅದೇ ದಿನ ಚಿಕಿತ್ಸೆ ಬೇಕು.

ಹೆಚ್ಚಿನ ಶಿಶುಗಳಲ್ಲಿ ಈ ಬಗೆಯ ನಿಧಾನಗತಿಯ ಅಲರ್ಜಿಯನ್ನು ಪತ್ತೆ ಮಾಡುವ ರಕ್ತಪರೀಕ್ಷೆ ಇಲ್ಲ. ತಾಯಿಯ ಆಹಾರದಿಂದ ಹಾಲನ್ನು ತೆಗೆದು ನೋಡುವುದು, ಮರಳಿ ಸೇರಿಸಿ ನೋಡುವುದು ಇದೇ ಪರೀಕ್ಷೆ. ಭಾರತೀಯ ಮಕ್ಕಳ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಹಾಲನ್ನು ತೆಗೆದು, ಮರಳಿ ಕೊಟ್ಟು ನೋಡುವ ಕ್ರಮಕ್ಕೆ ಮಹತ್ವ ಕೊಡುತ್ತದೆ. ಎದೆಹಾಲನ್ನು ನಿಲ್ಲಿಸುವುದು ಇದಕ್ಕೆ ಪರಿಹಾರವಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಬ್ಬಿಹಾಲು ಆಕಳ ಹಾಲಿನಿಂದಲೇ ತಯಾರಾದುದಾದ್ದರಿಂದ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬಿಡುವುದೆಂದರೆ ಏನೆಲ್ಲ ಬಿಡುವುದು?

ಬಿಡುವ ಅವಧಿ 2ರಿಂದ 4 ವಾರ. ಆ ಅವಧಿಯಲ್ಲಿ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರ್, ಖೋವಾ, ಪೇಡೆ ಎಲ್ಲವನ್ನೂ ಬಿಡಬೇಕು. ತುಪ್ಪದಲ್ಲಿ ಬಹುಪಾಲು ಕೊಬ್ಬೇ ಇದ್ದರೂ, ಮನೆಯಲ್ಲಿ ಕಾಯಿಸಿದ ತುಪ್ಪದ ತಳದ ಗಸಿಯಲ್ಲಿ ಪ್ರೋಟೀನ್ ಉಳಿದಿರುತ್ತದೆ. ಪರೀಕ್ಷೆಯ ಫಲಿತಾಂಶ ಸ್ಪಷ್ಟವಾಗಬೇಕಾದರೆ ಈ ಕೆಲವು ವಾರ ತುಪ್ಪವನ್ನೂ ಬಿಡುವುದು ಲೇಸು. ಬ್ರೆಡ್, ಬನ್, ಬಿಸ್ಕತ್ತು, ಚಾಕಲೇಟು, ಮಾಲ್ಟ್ ಪುಡಿ, ಬಾಣಂತಿಯರಿಗೆಂದೇ ಮಾರುವ ಪ್ರೋಟೀನ್ ಪುಡಿ ಇವುಗಳಲ್ಲಿ ಹಾಲಿನ ಪುಡಿ ಅಡಗಿರಬಹುದು. ಪೊಟ್ಟಣದ ಆಹಾರದಲ್ಲಿ ಹಾಲಿನಂಥ ಅಲರ್ಜಿಕಾರಕ ಇದ್ದರೆ ಅದನ್ನು ಚೀಟಿಯಲ್ಲಿ ನಮೂದಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಮಿಲ್ಕ್ ಸಾಲಿಡ್ಸ್, ವ್ಹೇ, ಕೇಸೀನ್ ಎಂಬ ಹೆಸರುಗಳು ಕಂಡರೆ ಅದು ಹಾಲೇ.

ಊರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ, "ಮಲೆನಾಡು ಗಿಡ್ಡದ ಹಾಲಾದರೂ ಆಗದೇ?" ಎಂಬುದು. ಆಗದು. ದೇಶಿ ಆಕಳ ಹಾಲಿನ ಒಂದು ಬಗೆಯ ಕೇಸೀನ್ ಜರ್ಸಿ, ಎಚ್‌ಎಫ್ ತಳಿಗಳದಕ್ಕಿಂತ ಸ್ವಲ್ಪ ಭಿನ್ನವಾಗಿರಬಹುದು. ಆದರೆ ಅಲರ್ಜಿ ಉಂಟುಮಾಡುವ ಪ್ರೋಟೀನುಗಳು ಎರಡರಲ್ಲೂ ಇರುತ್ತವೆ. ಎಮ್ಮೆಯ ಹಾಲಿಗೂ ಇದೇ ಮಾತು. ಆಡಿನ ಹಾಲು ಮಕ್ಕಳಿಗೆ ಹಗುರವೆಂಬ ನಂಬಿಕೆ ಇದ್ದರೂ, ಆಕಳ ಹಾಲಿನ ಅಲರ್ಜಿ ಇರುವ ಹತ್ತರಲ್ಲಿ ಒಂಬತ್ತು ಮಕ್ಕಳು ಅದಕ್ಕೂ ಪ್ರತಿಕ್ರಿಯಿಸುತ್ತಾರೆ.

ಕಾಯಿಹಾಲಿಗೆ ಅಡ್ಡಿಯಿಲ್ಲ. ಹೆಸರಿನಲ್ಲಷ್ಟೇ ಅದು ಹಾಲು. ಕಾಯಿಹಾಲಿನ ಪಾಯಸ, ಅಪ್ಪೆಹುಳಿ, ಸಾರು, ಮಜ್ಜಿಗೆಯ ಬದಲು ಹುಣಸೆ ಅಥವಾ ಪುನರ್ಪುಳಿ ಹಾಕಿದ ತಂಬುಳಿ ಹೀಗೆ ಘಟ್ಟದ ಅಡುಗೆಯಲ್ಲೇ ಬದಲಿಗಳು ಸಾಕಷ್ಟಿವೆ.

ಮೊದಲ ಮರಳಿಕೆ: ಇದು ಪರೀಕ್ಷೆ

ನಾಲ್ಕು ವಾರ ಕಟ್ಟುನಿಟ್ಟಾಗಿ ಬಿಟ್ಟರೂ ಮಗುವಿನಲ್ಲಿ ಬದಲಾವಣೆ ಕಾಣದಿದ್ದರೆ ಹಾಲು ಕಾರಣವಾಗಿರುವ ಸಾಧ್ಯತೆ ಕಡಿಮೆ. ಆಗ ವೈದ್ಯರಿಗೆ ತಿಳಿಸಿ ಮೊದಲಿನ ಊಟಕ್ಕೆ ಮರಳಿ, ಬೇರೆ ಕಾರಣ ಹುಡುಕಬೇಕು. "ಹಾಲು ಬಿಟ್ಟದ್ದು ಸಾಲಲಿಲ್ಲ" ಎಂದು ಗೋಧಿ, ಬೇಳೆ, ಶೇಂಗಾ ಹೀಗೆ ಒಂದೊಂದನ್ನೇ ಸ್ವಂತ ನಿರ್ಧಾರದಿಂದ ಬಿಡುತ್ತ ಹೋಗುವುದು ತಾಯಿಯನ್ನು ಸೊರಗಿಸುವ ದಾರಿ.

ಮಗು ಸುಧಾರಿಸಿದರೆ ಹಾಲನ್ನು ಬೇಕೆಂದೇ ಮರಳಿ ಆರಂಭಿಸಬೇಕು. "ಗುಣವಾದ ಮೇಲೆ ಮತ್ತೇಕೆ ಕೆಣಕುವುದು?" ಎಂಬ ಹಿರಿಯರ ಪ್ರಶ್ನೆ ಸಹಜ. ಉತ್ತರ ಇಷ್ಟೇ: ಶಿಶುಗಳ ಅಳು, ವಾಂತಿ, ಮಲದ ರಕ್ತದ ಎಳೆ ಅನೇಕ ಸಲ ದಿನ ಕಳೆದಂತೆ ತಾವಾಗಿಯೇ ಕಡಿಮೆಯಾಗುತ್ತವೆ. ಗುಣವಾದದ್ದು ಹಾಲು ಬಿಟ್ಟದ್ದರಿಂದಲೋ ಕಾಲ ಕಳೆದದ್ದರಿಂದಲೋ ಎಂಬುದು ಮರಳಿ ಸೇವಿಸದೆ ತಿಳಿಯದು.

ಈ ಮರಳಿಕೆಗೆ ಒಂದು ವಾರದ ಯೋಜನೆ ಸಾಕು. ಮೊದಲ ದಿನ ಕಾಲು ಲೋಟ ಹಾಲು ಅಥವಾ ಅಷ್ಟೇ ಮೊಸರು, ಎರಡನೆಯ ದಿನ ಅರ್ಧ ಲೋಟ, ಮೂರನೆಯ ದಿನ ಒಂದು ಲೋಟ, ಅಲ್ಲಿಂದ ಮುಂದೆ ಮೊದಲಿನ ವಾಡಿಕೆಯಷ್ಟು. ತಾಯಿ ತಿಂದದ್ದು, ಮಗುವಿನ ಮಲ, ವಾಂತಿ, ಚರ್ಮ, ನಿದ್ದೆ ಇವನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ನಿಧಾನಗತಿಯ ಪ್ರತಿಕ್ರಿಯೆ ಕೆಲವು ಗಂಟೆಗಳಿಂದ ಮೂರು-ನಾಲ್ಕು ದಿನದೊಳಗೆ, ಕೆಲವೊಮ್ಮೆ ವಾರದ ಕೊನೆಗೆ ಕಾಣಬಹುದು. ಆದ್ದರಿಂದ ಮೊದಲ ದಿನ ಏನೂ ಆಗಲಿಲ್ಲವೆಂದು ಫಲಿತಾಂಶ ಹೇಳಬಾರದು.

ಪರೀಕ್ಷೆಗೆ ಆರಿಸುವ ವಾರವೂ ಮುಖ್ಯ. ಲಸಿಕೆ ಹಾಕಿಸಿದ ದಿನ, ಜ್ವರ-ನೆಗಡಿ ಇರುವಾಗ, ಮಗುವಿಗೆ ಹೊಸ ಆಹಾರ ಆರಂಭಿಸಿದಾಗ ಇದನ್ನು ಮಾಡಬಾರದು. ತವರುಮನೆಯಿಂದ ಗಂಡನ ಮನೆಗೆ ಹೋಗುವ ವಾರವೂ ಬೇಡ. ನೀರು, ಅಡುಗೆ, ಮಲಗುವ ಕ್ರಮ ಎಲ್ಲವೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಒಂದು ವಾರ ವಾಡಿಕೆಯಷ್ಟು ಹಾಲು ಸೇವಿಸಿಯೂ ಮಗು ಚೆನ್ನಾಗಿದ್ದರೆ ಅಲರ್ಜಿ ಇಲ್ಲವೆಂದೇ ಅರ್ಥ. ತಾಯಿ ನಿಶ್ಚಿಂತೆಯಿಂದ ಮೊದಲಿನಂತೆ ಉಣ್ಣಬಹುದು. ಹಿಂದಿನ ಲಕ್ಷಣಗಳೇ ಮರುಕಳಿಸಿದರೆ ಹಾಲನ್ನು ಮತ್ತೆ ನಿಲ್ಲಿಸಬೇಕು. ಅವು ಪುನಃ ಇಳಿದರೆ ರೋಗನಿರ್ಣಯ ಖಚಿತ.

ಮನೆಯಲ್ಲಿ ಮಾಡಬಾರದ ಪರೀಕ್ಷೆ

ಕೆಲವು ಮಕ್ಕಳ ವಿಷಯದಲ್ಲಿ ಈ ಕ್ರಮವನ್ನು ವೈದ್ಯರ ಅನುಮತಿಯಿಲ್ಲದೆ ಆರಂಭಿಸಲೇಬಾರದು. ಹಾಲು ಸೋಕಿದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ಪಿತ್ತದ ಗಂಧೆ ಎದ್ದ, ತುಟಿ-ಕಣ್ಣು ಊದಿಕೊಂಡ, ಉಸಿರಾಟದಲ್ಲಿ ಸುಂಯ್ ಸದ್ದು ಬಂದ ಮಗು; ಹಾಲು ಕುಡಿದು ಒಂದರಿಂದ ನಾಲ್ಕು ಗಂಟೆಯಲ್ಲಿ ಬಿಡದೆ ವಾಂತಿ ಮಾಡಿ ಬಿಳಚಿಕೊಂಡು ಸುಸ್ತಾದ ಮಗು; ತೂಕ ಕುಸಿದ ಮಗು; ಮೈತುಂಬ ತೀವ್ರ ಇಸುಬು ಇರುವ ಮಗು ಈ ಗುಂಪಿಗೆ ಸೇರುತ್ತವೆ. ಇವರಿಗೆ ಆಸ್ಪತ್ರೆಯಲ್ಲಿ, ತಜ್ಞರ ಸಮ್ಮುಖದಲ್ಲಿ ಪರೀಕ್ಷೆ ನಡೆಯಬೇಕು.

ಘಟ್ಟದ ಹಳ್ಳಿಗಳಲ್ಲಿ ಆಸ್ಪತ್ರೆಯ ದೂರವೂ ಗಣನೆಗೆ ಬರಬೇಕು. ಮಳೆಗಾಲದಲ್ಲಿ ಮರ ಬಿದ್ದು, ಹಳ್ಳ ಉಕ್ಕಿ ದಾರಿ ಕಟ್ಟುವ ಮಜರೆಗಳಲ್ಲಿ ಇರುವವರು ಸಂಶಯವಿದ್ದರೆ ಮಳೆ ಇಳಿಯುವವರೆಗೆ ತಡೆಯುವುದು ಅಥವಾ ಆ ವಾರ ಪೇಟೆಯ ನಂಟರ ಮನೆಯಲ್ಲಿ ಉಳಿಯುವುದು ಜಾಣತನ. ಮಗುವಿಗೆ ಉಸಿರಾಟದ ತೊಂದರೆ ಕಂಡರೆ ಮನೆಮದ್ದಿಗೆ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಬೇಕು ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆ ಸೇರಬೇಕು.

ಎರಡನೆಯ ಮರಳಿಕೆ: ಮೆಟ್ಟಿಲು ಮೆಟ್ಟಿಲಾಗಿ

ಅಲರ್ಜಿ ಖಚಿತವಾದರೂ ಅದು ಜೀವನಪರ್ಯಂತದ ಶಿಕ್ಷೆಯಲ್ಲ. ನಿಧಾನಗತಿಯ ಅಲರ್ಜಿ ಇರುವ ಹೆಚ್ಚಿನ ಮಕ್ಕಳು ಒಂದರಿಂದ ಮೂರು ವರ್ಷದೊಳಗೆ ಹಾಲಿಗೆ ಒಗ್ಗಿಕೊಳ್ಳುತ್ತಾರೆ. ಸಾಮಾನ್ಯವಾಗಿ ಕನಿಷ್ಠ 6 ತಿಂಗಳು, ಅಥವಾ ಮಗುವಿಗೆ 9ರಿಂದ 12 ತಿಂಗಳಾಗುವವರೆಗೆ ಹಾಲು ಬಿಟ್ಟು, ನಂತರ ವೈದ್ಯರ ಸಲಹೆಯಂತೆ ಮತ್ತೆ ಪ್ರಯತ್ನಿಸುತ್ತಾರೆ.

ಈ ಸಲದ ಉದ್ದೇಶ ಬೇರೆ. ಮೊದಲ ಮರಳಿಕೆ ಉತ್ತರ ಪಡೆಯುವುದಕ್ಕಾದರೆ, ಇದು ಒಗ್ಗಿಸಿಕೊಳ್ಳುವುದಕ್ಕೆ. ಆದ್ದರಿಂದ ಅವಸರವಿಲ್ಲ. ಹೆಚ್ಚು ಹೊತ್ತು ಬೆಂದ ಪದಾರ್ಥದಿಂದ ಹಸಿಯ ಕಡೆಗೆ ಸಾಗುವುದು ರೂಢಿ. ಬಲವಾದ ಶಾಖಕ್ಕೆ ಹಾಲಿನ ಕೆಲವು ಪ್ರೋಟೀನುಗಳ ರೂಪ ಬದಲಾಗುತ್ತದೆ. ಗೋಧಿ ಹಿಟ್ಟಿನೊಂದಿಗೆ ಬೆಂದಾಗ ಅವು ಹಿಟ್ಟಿನಲ್ಲಿ ಹಿಡಿದಿಟ್ಟಂತಾಗುತ್ತವೆ. ಕೇಸೀನ್ ಮಾತ್ರ ಶಾಖಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಹಾಲನ್ನು ಚೆನ್ನಾಗಿ ಕುದಿಸಿದರೆ ಅಲರ್ಜಿ ಹೋಗುತ್ತದೆ ಎಂಬ ಮಾತು ನಿಜವಲ್ಲ.

ತಾಯಿಯ ತಟ್ಟೆಯಲ್ಲಿ ಇದನ್ನು ಹೀಗೆ ಅಳವಡಿಸಬಹುದು. ಮೊದಲ ಮೆಟ್ಟಿಲಲ್ಲಿ ತುಪ್ಪ ಮತ್ತು ಹಾಲಿನ ಪುಡಿ ಬೆರೆತು ಬೆಂದ ಬಿಸ್ಕತ್ತು, ಬನ್. ಎರಡನೆಯದರಲ್ಲಿ ಹಾಲು ಹಾಕಿ ಬಹಳ ಹೊತ್ತು ಕುದಿಸಿದ ಪಾಯಸ, ಕುದಿಸಿದ ಮಜ್ಜಿಗೆ ಹುಳಿ. ಮೂರನೆಯದರಲ್ಲಿ ಮೊಸರು, ಮಜ್ಜಿಗೆ, ತಂಬುಳಿ, ಹಶಿ. ಕೊನೆಯದಾಗಿ ಕಷಾಯಕ್ಕೆ ಬೆರೆಸುವ ಹಾಲು ಮತ್ತು ಲೋಟದ ಹಾಲು. ಒಂದೊಂದು ಮೆಟ್ಟಿಲಲ್ಲಿ ಮೂರು ದಿನದಿಂದ ಒಂದು ವಾರ ನಿಲ್ಲಬೇಕು. ಲಕ್ಷಣ ಕಂಡರೆ ಹಿಂದಿನ ಮೆಟ್ಟಿಲಿಗೆ ಇಳಿದು, ಕೆಲವು ವಾರ ಬಿಟ್ಟು ಪುನಃ ಯತ್ನಿಸಬಹುದು. ಇಳಿದದ್ದು ಸೋಲಲ್ಲ; ಎಲ್ಲಿಯವರೆಗೆ ಒಗ್ಗಿತು ಎಂಬ ತಿಳಿವಳಿಕೆಯೇ ಮುಂದಿನ ಹೆಜ್ಜೆಗೆ ಆಧಾರ.

ತಾಯಿಗೆ ಒಗ್ಗಿದ್ದು ಮಗುವಿನ ಬಾಯಿಗೂ ಒಗ್ಗಬೇಕೆಂದಿಲ್ಲ

ಎದೆಹಾಲಿನ ಮೂಲಕ ಬರುವ ಅಂಶ ಅತ್ಯಲ್ಪ. ಮಗು ನೇರವಾಗಿ ಸೇವಿಸುವ ಒಂದು ಚಮಚೆ ಹಾಲಿನಲ್ಲಿ ಅದರ ಎಷ್ಟೋ ಪಟ್ಟು ಪ್ರೋಟೀನ್ ಇರುತ್ತದೆ. ತಾಯಿ ಮಜ್ಜಿಗೆ ಉಂಡಾಗ ಸುಮ್ಮನಿದ್ದ ಮಗು ಪಾಯಸ ನೆಕ್ಕಿದಾಗ ಪ್ರತಿಕ್ರಿಯಿಸಬಹುದು. ದೀರ್ಘಕಾಲ ಹಾಲಿನಿಂದ ದೂರವಿದ್ದ, ಇಸುಬು ಇರುವ ಕೆಲವು ಮಕ್ಕಳಲ್ಲಿ ಮೊದಲು ಇಲ್ಲದಿದ್ದ ತಕ್ಷಣದ ಪ್ರತಿಕ್ರಿಯೆ ಹೊಸದಾಗಿ ಕಾಣಿಸಿಕೊಂಡ ಉದಾಹರಣೆಗಳೂ ಇವೆ.

ಅನ್ನಪ್ರಾಶನದ ದಿನ ಈ ಎಚ್ಚರ ಅಗತ್ಯ. ದೇವಸ್ಥಾನದಲ್ಲೋ ಮನೆಯಲ್ಲೋ ನೆಂಟರೆಲ್ಲ ಸೇರಿ ಒಬ್ಬೊಬ್ಬರೂ ಹಾಲಿನ ಪಾಯಸ ಬಾಯಿಗಿಡುವ ಸಂದರ್ಭ ಹೊಸ ಆಹಾರ ಪರೀಕ್ಷಿಸುವ ಹೊತ್ತಲ್ಲ. ಕಾಯಿಹಾಲು-ಬೆಲ್ಲದ ಅಕ್ಕಿ ಪಾಯಸದಿಂದ ಶಾಸ್ತ್ರ ನಡೆಸಿದರೆ ಯಾವ ಲೋಪವೂ ಇಲ್ಲ. ಪಂಚಾಮೃತದ ತೀರ್ಥದಲ್ಲಿ ಹಾಲು, ಮೊಸರು ಇರುವುದನ್ನೂ ಮರೆಯಬಾರದು. ಅದರಲ್ಲಿರುವ ಜೇನುತುಪ್ಪವಂತೂ ಒಂದು ವರ್ಷದೊಳಗಿನ ಯಾವ ಮಗುವಿಗೂ ಸಲ್ಲದು.

ಬಿಟ್ಟ ದಿನಗಳಲ್ಲಿ ತಾಯಿಯ ಪೋಷಣೆ

ಹಾಲು ಬಿಡುವುದರ ಬೆಲೆ ತೆರುವವಳು ತಾಯಿ. ಹಾಲೂಡುವ ತಾಯಿಗೆ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿಪಡಿಸಿದೆ. ಹಾಲಿಲ್ಲದೆ ಅದನ್ನು ಊಟದಿಂದಲೇ ತುಂಬಿಸುವುದು ಕಷ್ಟ, ಆದರೆ ಬಹುಪಾಲು ತುಂಬಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ., ಅಷ್ಟೇ ನುಗ್ಗೆ ಸೊಪ್ಪಿನಲ್ಲಿ 300 ಮಿ.ಗ್ರಾಂ.ಗೂ ಹೆಚ್ಚು, ಎಳ್ಳಿನಲ್ಲಿ 1000 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಹುರುಳಿಯೂ ಒಳ್ಳೆಯ ಮೂಲ. ಕಾಯಿಹಾಲು ರುಚಿಗೆ ಬದಲಿಯೇ ಹೊರತು ಕ್ಯಾಲ್ಸಿಯಂಗೆ ಅಲ್ಲ. ಮೀನು ತಿನ್ನುವ ಮನೆಗಳಲ್ಲಿ ಕುಮಟಾ, ಅಂಕೋಲಾದಿಂದ ಘಟ್ಟ ಹತ್ತಿ ಬರುವ, ಮುಳ್ಳುಸಹಿತ ತಿನ್ನುವ ಸಣ್ಣ ಮೀನು ನೆರವಾಗುತ್ತದೆ. ಹೆರಿಗೆಯಾದ 6 ತಿಂಗಳವರೆಗೆ ಸರಕಾರಿ ಆರೋಗ್ಯ ಕೇಂದ್ರದಿಂದ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ತಪ್ಪದೆ ಸೇವಿಸಬೇಕು. ಅದನ್ನು ಕಬ್ಬಿಣಾಂಶದ ಮಾತ್ರೆಯೊಂದಿಗೆ ಒಂದೇ ಹೊತ್ತಿಗೆ ತೆಗೆದುಕೊಳ್ಳಬಾರದು.

ಕ್ಯಾಲ್ಸಿಯಂಗಿಂತಲೂ ಸದ್ದಿಲ್ಲದೆ ಕಾಡುವುದು ವಿಟಮಿನ್ ಬಿ-12 ಕೊರತೆ. ಮೊಟ್ಟೆ, ಮೀನು, ಮಾಂಸ ತಿನ್ನದ ಮನೆಯಲ್ಲಿ ಈ ವಿಟಮಿನ್ ಸಿಗುವ ದಾರಿ ಹಾಲು-ಮಜ್ಜಿಗೆಯೊಂದೇ. ಸೊಪ್ಪು, ಬೇಳೆ, ಹುದುಗಿದ ದೋಸೆ ಹಿಟ್ಟನ್ನು ನಂಬಿ ಕೂರುವಂತಿಲ್ಲ. ತಾಯಿಯಲ್ಲಿ ಕೊರತೆಯಾದರೆ ಎದೆಹಾಲಿನಲ್ಲೂ ಕೊರತೆ. ಆಗ ಮಗು ಬಿಳಚಿಕೊಂಡು, ನಗು ಕಡಿಮೆಯಾಗಿ, ಕಲಿತ ಕತ್ತು ನಿಲ್ಲಿಸುವಿಕೆ, ಕೂರುವಿಕೆ ಮರೆತಂತಾಗಿ, ಕೆಲವೊಮ್ಮೆ ಕೈಕಾಲು ನಡುಗುವ ಸ್ಥಿತಿಗೆ ತಲುಪಬಹುದು. ಸಕಾಲದಲ್ಲಿ ಚಿಕಿತ್ಸೆ ಸಿಗದಿದ್ದರೆ ಮಿದುಳಿನ ಬೆಳವಣಿಗೆಗೇ ಪೆಟ್ಟು. ಸಂಶಯದ ಅಲರ್ಜಿಯಿಂದ ಮಗುವನ್ನು ಉಳಿಸಲು ಹೋಗಿ ಇಂಥ ಖಚಿತ ಅಪಾಯವನ್ನು ತಂದುಕೊಳ್ಳಬಾರದು. ಶುದ್ಧ ಸಸ್ಯಾಹಾರಿ ತಾಯಿ ಕೆಲವು ವಾರಕ್ಕಿಂತ ಹೆಚ್ಚು ಕಾಲ ಹಾಲು ಬಿಡುವುದಾದರೆ ವೈದ್ಯರನ್ನು ಕೇಳಿ ಬಿ-12 ಮಾತ್ರೆ ಆರಂಭಿಸಲೇಬೇಕು.

ಮನೆಯವರ ಪಾತ್ರ

ಹಾಲು ಬಿಟ್ಟ ಬಾಣಂತಿ ಒಬ್ಬಳೇ ಈ ಲೆಕ್ಕ ಇಡಲಾರಳು. ಸಾರಿಗೆ ಒಗ್ಗರಣೆ ಹಾಕಿದ್ದು ತುಪ್ಪದಲ್ಲೋ ಎಣ್ಣೆಯಲ್ಲೋ ಎಂಬುದು ಅಡುಗೆ ಮಾಡಿದವರಿಗೇ ಗೊತ್ತು. "ಒಂದು ಗುಟುಕು ಹಾಲಿಗೆ ಏನಾಗುತ್ತದೆ" ಎಂಬ ಅಕ್ಕರೆಯ ಒತ್ತಾಯ ಬಿಡುವ ಅವಧಿಯ ಪರೀಕ್ಷೆಯನ್ನು ಕೆಡಿಸುತ್ತದೆ. "ಮತ್ತೆ ಹಾಲು ಕುಡಿದು ಮಗುವನ್ನು ಅಳಿಸಬೇಡ" ಎಂಬ ಗದರಿಕೆ ಮರಳುವ ಅವಧಿಯ ಪರೀಕ್ಷೆಯನ್ನು ಕೆಡಿಸುತ್ತದೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟದಲ್ಲೂ ಹಾಲು ಸೇರಿದೆ. ಪಥ್ಯದಲ್ಲಿರುವ ತಾಯಿ ಅದನ್ನು ಕಾರ್ಯಕರ್ತೆಗೆ ಮೊದಲೇ ತಿಳಿಸಬೇಕು.

ಆದ್ದರಿಂದ ಹಾಲು ಬಿಡುವ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಇನ್ನೊಂದು ದಿನಾಂಕವನ್ನೂ ಗುರುತಿಸಿಡುವುದು ಒಳ್ಳೆಯದು: ಮರಳಿ ಆರಂಭಿಸುವ ದಿನ. ಸಲಹೆ ಕೊಟ್ಟ ವೈದ್ಯರು ಆ ದಿನಾಂಕ ಹೇಳದಿದ್ದರೆ ತಾಯಿಯೇ ಕೇಳಿ ಬರೆಸಿಕೊಳ್ಳಬೇಕು. ಅಂದು ಉಣ್ಣುವ ಆ ಕಾಲು ಲೋಟ ಮಜ್ಜಿಗೆ ಮಗುವಿಗೆ ನಿಜವಾಗಿ ಏನು ಒಗ್ಗದು ಎಂಬುದನ್ನು ತಿಳಿಸುತ್ತದೆ. ಬಹಳಷ್ಟು ತಾಯಂದಿರಿಗೆ ಅವರ ಎಂದಿನ ಊಟವನ್ನೂ ಹಿಂದಿರುಗಿಸುತ್ತದೆ.